ಕೊಂಡವಾಡದ ನೆರಳು

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಹಳೆಯ ಕೊಂಡವಾಡದ ಕೊನೆಯ ಕಲ್ಲನ್ನು ಮ್ಯೂಸಿಯಂ ಆವರಣದಲ್ಲಿ ಕೂಡಿಸಲಾಯಿತು. ಕಟ್ಟಡಕ್ಕೆ ನೆರಳು ಇರಲಿಲ್ಲ.

ಇದನ್ನು ಮೊದಲು ಕಂಡವನು ನಾನೇ ಎಂದು ಬರೆದುಕೊಳ್ಳಲು ಆಸೆಯಿದೆ. ಆದರೆ ಕಂಡವನು ಮೇಸ್ತ್ರಿ. ನಾನು ಆಗ ಕಮಾನಿನ ಕಲ್ಲುಗಳನ್ನು ಎಣಿಸುತ್ತಿದ್ದೆ. ಮೇಸ್ತ್ರಿ ಬೆವರು ಒರೆಸಿಕೊಂಡು ಗೋಡೆಯ ಮಗ್ಗುಲಿಗೆ ಕೂರಲು ಹೋದ, ಕೂತ, ಎದ್ದ. ಕಟ್ಟಡವನ್ನು ಒಂದು ಸುತ್ತು ಹಾಕಿದ. ನಾಲ್ಕೂ ಕಡೆ ಒಂದೇ ಬಿಸಿಲು. "ಸರ, ಅದು ಇನ್ನೂ ಅಲ್ಲೇ ಐತ್ರಿ," ಎಂದು ಪೇಟೆಯ ಕಡೆ ಕೈ ತೋರಿಸಿ, ಟವೆಲು ತಲೆಗೆ ಸುತ್ತಿಕೊಂಡು ಚಹಾ ಕುಡಿಯಲು ಹೋದ. ಅವನಿಗೆ ಆಶ್ಚರ್ಯವೇನೂ ಆಗಿರಲಿಲ್ಲ.

ನಮ್ಮೂರಿನಲ್ಲಿ ಯಾರಿಗೂ ಆಗುವುದಿಲ್ಲ. ಇಲ್ಲಿ ಕಟ್ಟಡವನ್ನು ಕಿತ್ತರೆ ನೆರಳು ಬಿದ್ದಲ್ಲೇ ಇರುತ್ತದೆ. ಗೋಡೆ ಇದ್ದಾಗ ಹೇಗೋ ಹಾಗೆಯೇ ಹೊತ್ತಿಗೆ ತಕ್ಕಂತೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಮೋಡವಾದರೆ ಮಾಯವಾಗುತ್ತದೆ. ಟಾಕೀಸು ಕೆಡವಿ ಎಷ್ಟೋ ಕಾಲವಾದರೂ ಜನ ಅದರ ನೆರಳಿನಲ್ಲೇ ಬಸ್ಸು ಕಾಯುತ್ತಾರೆ. ಅದನ್ನೇ ನೆಪ ಮಾಡಿಕೊಂಡು ನಗರಸಭೆ ಅಲ್ಲಿ ತಂಗುದಾಣ ಕಟ್ಟಿಸಲಿಲ್ಲ. ಸೈಟು ಕೊಳ್ಳುವವರು ಮೊದಲು ನೀರಿದೆಯೇ ಎಂದು ಕೇಳಿ, ಆಮೇಲೆ ಯಾರ ನೆರಳು ಬೀಳುತ್ತದೆ ಎಂದು ಕೇಳುತ್ತಾರೆ. ಹಪ್ಪಳ, ಸಂಡಿಗೆ ಮಾಡುವ ಹೆಂಗಸರು ಮಾತ್ರ ಈ ಏರ್ಪಾಟನ್ನು ಶಪಿಸುತ್ತಾರೆ. ಖಾಲಿ ಬಯಲೆಂದು ನಂಬಿ ಹಾಸಿದ ಸೀರೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ, ಎಂದೋ ಸತ್ತ ಯಾರದೋ ಮಹಡಿ ಬಂದು ಕೂರುತ್ತದೆ.

ನೆರಳು ಬೇಕೆಂದರೆ ಕರೆಯಬೇಕು. ಮನೆಯವರಲ್ಲಿ ಒಬ್ಬರು ಇಳಿಹೊತ್ತಿನಲ್ಲಿ ಆ ನೆರಳಿನಲ್ಲಿ ನಿಂತು, ಕಟ್ಟಡದ ಕಥೆಯನ್ನು ಅಡಿಗಲ್ಲಿನಿಂದ ಇವತ್ತಿನವರೆಗೆ ಬಾಯಿಬಿಟ್ಟು ಹೇಳಬೇಕು. ಕಾಗದ ನೋಡುವಂತಿಲ್ಲ. ಎಲ್ಲ ಸರಿಯಿದ್ದರೆ ನೆರಳು ಏಳುತ್ತದೆ, ಹೊಸ ಜಾಗಕ್ಕೆ ನಡೆಯುತ್ತದೆ. ಒಂದು ಮಾತು ತಪ್ಪಾಗಿದ್ದರೂ ಏಳುವುದಿಲ್ಲ. ಮತ್ತೆ ಕರೆಯಲು ಮುಂದಿನ ಯುಗಾದಿಯವರೆಗೆ ಕಾಯಬೇಕು. ಸಣ್ಣ ಮನೆಗಳದು ಸುಲಭ, ಹುಟ್ಟು, ಸಾವು, ಒಂದೆರಡು ಜಗಳ ಹೇಳಿದರೆ ಮುಗಿಯಿತು. ದೊಡ್ಡ ಮನೆಗಳದೇ ತೊಂದರೆ. ಬಸ್ ಸ್ಟ್ಯಾಂಡ್ ಹಿಂದೆ ಬಿದ್ದಿರುವ ದೇಸಾಯರ ವಾಡೆಯ ನೆರಳು ನನ್ನ ಕಾಲದಲ್ಲಿ ಏಳುವಂತೆ ಕಾಣುವುದಿಲ್ಲ. ಅಡಿಗೆಮನೆಯ ಪಕ್ಕದ ಕೋಣೆಯಲ್ಲಿದ್ದ ಹೆಂಗಸು ಯಾರು ಎಂದು ಹೇಳಲು ಆ ಮನೆತನದಲ್ಲಿ ಯಾರೂ ತಯಾರಿಲ್ಲ.

ಕೊಂಡವಾಡ ಯಾರ ಮನೆಯೂ ಅಲ್ಲ. ಬೀದಿ ಅಲೆಯುವ, ಪರರ ಹೊಲ ಮೇಯುವ ದನಗಳನ್ನು ಹಿಡಿದು ತಂದು ಕೂಡಿಹಾಕಿ, ದಂಡ ಕಟ್ಟಿಸಿಕೊಂಡು ಬಿಡುತ್ತಿದ್ದ ಜಾಗ ಅದು. ಮೂರು ಕಮಾನು, ಒಂದು ಉದ್ದನೆಯ ಪಡಸಾಲೆ, ದನ ಕಾಯುವ ಜಮಾದಾರನಿಗೊಂದು ಕೋಣೆ. ದನಗಳ ಕಾಲ ಮುಗಿದ ಮೇಲೆ ಅದರ ಹಿಂದಿನ ಗೋಡೆಯನ್ನು ಊರಿನ ಗಂಡಸರು ಯಾವುದಕ್ಕೆ ಬಳಸುತ್ತಿದ್ದರು ಎಂಬುದನ್ನು ವಿವರಿಸಬೇಕಾಗಿಲ್ಲ. ರಸ್ತೆ ಅಗಲ ಮಾಡಲು ಅದನ್ನು ಕೆಡವುತ್ತಾರೆಂದು ಗೊತ್ತಾದಾಗ ನಾನು ನಿವೃತ್ತನಾಗಿ, ಹೊತ್ತು ಹೋಗದೆ, ಹಾಲಿನ ಪಾಕೀಟಿನ ಮೇಲಿನ ಅಕ್ಷರದೋಷಗಳನ್ನು ಪೆನ್ನಿನಿಂದ ತಿದ್ದುತ್ತ ಕೂತಿದ್ದೆ.

ನನ್ನ ಹೆಸರು ಶ್ರೀಪಾದರಾವ್. ಊರಿನ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಊರಿನವರು ತಿದ್ದುಪಡಿ ರಾಯರು ಎನ್ನುತ್ತಾರೆ; ಅದನ್ನು ಬಹಳ ವರ್ಷ ಗೌರವವೆಂದೇ ತಿಳಿದಿದ್ದೆ. ನನ್ನ ಲಗ್ನಪತ್ರಿಕೆಯ ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮಾವನವರಿಗೆ ವಾಪಸು ಕಳಿಸಿದ್ದು ನಿಜ. ಮುಹೂರ್ತದ ಪಕ್ಕದಲ್ಲಿ 'ಖಚಿತಪಡಿಸಿ' ಎಂದು ಬರೆದದ್ದೂ ನಿಜ. ಇಂಥವನಿಗೆ ಒಂದು ಕಟ್ಟಡ ಅಪಾಯದಲ್ಲಿದೆ ಎಂದು ಗೊತ್ತಾದರೆ ಏನಾಗಬೇಕೋ ಅದೇ ಆಯಿತು. ಕೊಂಡವಾಡ ಉಳಿಸಿ ಎಂದು ಲೇಖನಮಾಲೆ ಬರೆದೆ. ಮೊದಲ ಲೇಖನವನ್ನು ಊರಿನವರು ಹಾಸ್ಯವೆಂದು ಓದಿ ನಕ್ಕರು. ಎರಡನೆಯದನ್ನು ಓದಲಿಲ್ಲ. ಮೂರನೆಯದು ಬರುವ ಹೊತ್ತಿಗೆ, ಊರಾಚೆ ಹೊಸದಾಗಿ ಬೇಲಿ ಹಾಕಿದ್ದ ಮ್ಯೂಸಿಯಂ ಆವರಣವನ್ನು ತುಂಬಿಸಲು ಸರ್ಕಾರಕ್ಕೆ ಏನಾದರೊಂದು ಬೇಕಾಗಿತ್ತು. ಹೀಗೆ ಕಟ್ಟಡ ಉಳಿಯಿತು. ಬಿಚ್ಚುವಾಗ ಕಲ್ಲುಗಳ ಮೇಲೆ ಸುಣ್ಣದಲ್ಲಿ ಸಂಖ್ಯೆ ಬರೆಯಿರಿ ಎಂದು ಸಲಹೆ ಕೊಟ್ಟವನು ನಾನು. ಬೀದಿದನಗಳು ಬಂದು ಅರ್ಧ ಸಂಖ್ಯೆಗಳನ್ನು ನೆಕ್ಕಿಹೋದವು. ಕೊಂಡವಾಡದ ಮೇಲೆ ಅವಕ್ಕೆ ಹಳೆಯ ಸಿಟ್ಟಿದ್ದೀತು. ಅದರ ಫಲವಾಗಿ ನಡುವಿನ ಕಮಾನು ಈಗ ಎಡಕ್ಕೆ ವಾಲಿದೆ. ನೋಡಲು ಬಂದವರು ಅದನ್ನು ಹಿಂದಿನವರ ಶೈಲಿ ಎಂದುಕೊಳ್ಳುತ್ತಾರೆ.

ಮ್ಯೂಸಿಯಂನ ಮುಖ್ಯಸ್ಥೆ ವೈಜಯಂತಿ ಕಡೇಮನಿ ಆ ದಿನವೇ ನನ್ನನ್ನು ಆಫೀಸಿಗೆ ಕರೆಸಿದರು. ಚಟುವಟಿಕೆಯ ಹೆಂಗಸು, ಮಾತು ಸುತ್ತಿ ಬಳಸಿ ಆಡುವವರಲ್ಲ.

"ಸರ್, ಉದ್ಘಾಟನೆಗೆ ಮಂತ್ರಿಗಳು ಬರ್ಲಿಕತ್ತಾರ. ನೆರಳಿಲ್ಲದ ಕಟ್ಟಡದ ಮುಂದ ಅವರನ್ನ ಎಲ್ಲಿ ನಿಲ್ಲಸ್ಲಿ?"

"ಶಾಮಿಯಾನ ಹಾಕಸ್ರಿ."

"ಶಾಮಿಯಾನ ಹಾಕಿಸಿದ್ರ ಫೋಟೋದಾಗ ಶಾಮಿಯಾನ ಬರ್ತದ, ಕಟ್ಟಡ ಬರಂಗಿಲ್ಲ. ಮಧ್ಯಾಹ್ನ ಸಾಲಿ ಹುಡುಗ್ರು ಬಂದಿದ್ರು. 'ಮೇಡಂ, ಇದು ಖರೇ ಕಟ್ಟಡಾನೋ, ಬರೇ ಪರದೆನೋ' ಅಂತ ಕೇಳಿದ್ರು. ನೆರಳು ಬೇಕು ಸರ್. ಕಟ್ಟಡ ಉಳಿಸಿದವರು ನೀವು. ಮನೆಯವರ ಜಾಗಾದಾಗ ನಿಂತು ನೀವ ಕರೀಬೇಕು. ಈ ಊರಾಗ ತಪ್ಪಿಲ್ಲದ ಮಾತಾಡೋರು ನೀವೊಬ್ಬರ ಇದ್ದೀರಿ."

ಈ ಕೊನೆಯ ವಾಕ್ಯಕ್ಕೆ ಸೋಲದಿರುವಷ್ಟು ವಿವೇಕ ನನ್ನಲ್ಲಿಲ್ಲ. ಒಪ್ಪಿಕೊಂಡೆ. ಮನೆಗೆ ಹೋಗುವ ದಾರಿಯಲ್ಲಿ ಆ ವಾಕ್ಯವನ್ನು ಎರಡು ಸಲ ನನಗೆ ನಾನೇ ಹೇಳಿಕೊಂಡೆ ಎಂಬುದೂ ದಾಖಲಾಗಲಿ.

ಮರುದಿನ ಪೇಟೆಗೆ ಹೋದೆ. ಕಟ್ಟಡವಿದ್ದ ಜಾಗದಲ್ಲಿ ಅರ್ಧ ರಸ್ತೆಯಾಗಿತ್ತು, ಅರ್ಧ ಬರಿಯ ನೆಲ. ಆ ಬರಿನೆಲದ ಮೇಲೆ ಕಮಾನುಗಳ ಸಮೇತ ಕೊಂಡವಾಡದ ನೆರಳು ತಂಪಾಗಿ ಬಿದ್ದಿತ್ತು. ಅದರಲ್ಲಿ ಇಬ್ಬರು ಇದ್ದರು. ಒಬ್ಬಳು ಫಕೀರವ್ವ, ಒದ್ದೆ ಗೋಣಿಯಲ್ಲಿ ವೀಳ್ಯದೆಲೆ ಸುತ್ತಿಟ್ಟುಕೊಂಡು ಮಾರುವವಳು. ಕಟ್ಟಡವಿದ್ದಾಗ ಗೋಡೆಗೆ ಒರಗಿ ಕೂರುತ್ತಿದ್ದಳು. ಗೋಡೆ ಹೋದ ಮೇಲೆ ಒರಗದೆ ಕೂರುತ್ತಾಳೆ. ಬೆಳಿಗ್ಗೆ ಅವಳ ಅಂಗಡಿ ಪಡುವಣ ಬದಿಗೆ, ಸಂಜೆ ಮೂಡಣ ಬದಿಗೆ. ನೆರಳು ಸರಿದಂತೆ ಬುಟ್ಟಿ ಸರಿಯುತ್ತದೆ. ಇನ್ನೊಬ್ಬ ಗಡಿಯಾರ ರಿಪೇರಿಯ ದಾವಲಸಾಬ. ಒಂದು ಗಾಜಿನ ಪೆಟ್ಟಿಗೆ, ಒಂದು ಮಡಚುವ ಕುರ್ಚಿ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ, ಇಷ್ಟೇ ಅವನ ಅಂಗಡಿ.

"ಬರ್ರಿ ರಾಯರ," ಎಂದಳು ಫಕೀರವ್ವ. "ಕಟ್ಟಡ ಒಯ್ದ್ರಿ. ಈಗ ನೆಳ್ಳು ಒಯ್ಯಾಕ ಬಂದ್ರೇನು?"

ನಾನು ಸದ್ಯಕ್ಕೆ ಮಾಹಿತಿ ಸಂಗ್ರಹಿಸಲು ಬಂದಿದ್ದೇನೆ ಎಂದೆ.

"ಹಂಗಂದ್ರ?"

"ಪೊಲೀಸ್ರು ಎತ್ತಾಕ್ಕೊಂಡು ಹೋಗೂ ಮೊದಲ ಹೆಸರು ಕೇಳ್ತಾರಲ್ಲ ಅವ್ವಾ, ಹಂಗ," ಎಂದ ದಾವಲಸಾಬ, ಕಣ್ಣಿನ ಗಾಜು ತೆಗೆಯದೆ.

ಆದರೂ ಫಕೀರವ್ವ ಕೂರಲು ಗೋಣಿಯ ಒಂದು ತುದಿ ಬಿಡಿಸಿ ಕೊಟ್ಟಳು. ಎರಡು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಕೈಗಿತ್ತಳು. ಅಂದಿನಿಂದ ಮಧ್ಯಾಹ್ನಗಳು ನನಗೆ ಅಲ್ಲೇ ಕಳೆದವು. ಊರಿನ ಹಳಬರನ್ನು ಅಲ್ಲಿಗೇ ಕರೆಸಿಕೊಂಡು ವಿಚಾರಿಸಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದೆ ಸೇರಿಸಲಿಲ್ಲ. ಸಾವಿರದ ಒಂಬೈನೂರ ಹದಿಮೂರನೆಯ ಇಸವಿಯಲ್ಲಿ ಅಡಿಗಲ್ಲು. ಪ್ಲೇಗಿನ ವರ್ಷ ದನಗಳನ್ನು ಹೊರಗೆ ಕಟ್ಟಿ ಮನುಷ್ಯರನ್ನು ಒಳಗೆ ಮಲಗಿಸಿದ್ದು. ಬರ ಬಂದಾಗ ಪಡಸಾಲೆಯಲ್ಲಿ ಜೋಳ ಹಂಚಿದ್ದು. ಒಂದು ಚುನಾವಣೆಗೆ ಮತಗಟ್ಟೆಯಾಗಿ, ಮತ ಹಾಕಲು ಬಂದವರ ಜೊತೆ ಒಂದು ಹೋರಿಯೂ ಸಾಲಿನಲ್ಲಿ ನಿಂತದ್ದು. ಜಮಾದಾರರ ಹೆಸರುಗಳು, ಅವರು ಬಂದ ವರ್ಷ, ಹೋದ ವರ್ಷ. ಎಲ್ಲವನ್ನೂ ಬಾಯಿಪಾಠ ಮಾಡಿದೆ. ಹೆಮ್ಮೆಯಾಯಿತು. ನನಗೆ ಹೆಮ್ಮೆಯಾದಾಗಲೆಲ್ಲ ಏನೋ ಒಂದು ಬಿಟ್ಟುಹೋಗಿರುತ್ತದೆ ಎಂಬುದು ವೃತ್ತಿಯಿಂದ ಕಲಿತ ಪಾಠ. ಮತ್ತೊಮ್ಮೆ ಪರಿಶೀಲಿಸಿದೆ.

ಬಿಟ್ಟುಹೋದದ್ದು ನನ್ನ ಎದುರಿಗೇ ಕೂತಿತ್ತು. ಕಟ್ಟಡವನ್ನು ಮ್ಯೂಸಿಯಂಗೆ ಸಾಗಿಸಲಾಯಿತು ಎಂಬಲ್ಲಿಗೆ ನಾನು ಕಥೆ ಮುಗಿಸಿದ್ದೆ. ಆದರೆ ನೆರಳು ಇಲ್ಲಿ ಬಿದ್ದಿರುವವರೆಗೆ ಕಥೆ ಮುಗಿದಿಲ್ಲವಲ್ಲ? ಇವತ್ತಿನವರೆಗೆ ಹೇಳಬೇಕು ಎಂದರೆ ಇವತ್ತು ಇದರಲ್ಲಿ ಇರುವವರನ್ನೂ ಹೇಳಬೇಕು. ಹಾಗಾಗಿ ಕೊನೆಗೆ ಸೇರಿಸಿದೆ: ಗೋಡೆಗಳು ಹೋದ ಮೇಲೆ ಕೊಂಡವಾಡದಲ್ಲಿ ಇರುವವರು ವೀಳ್ಯದೆಲೆಯ ಫಕೀರವ್ವ ಮತ್ತು ಗಡಿಯಾರದ ದಾವಲಸಾಬ.

ಕಡೇಮನಿಯವರಿಗೆ ಇದು ರುಚಿಸಲಿಲ್ಲ. "ಪ್ಲೇಗ್ ಅದ, ಬರಗಾಲ ಅದ. ಎಷ್ಟು ಚಂದ ಅದ ಸರ್. ಕಡೀಕ ಎಲಿ ಮಾರೋರನ್ನ ಯಾಕ ತಂದ್ರಿ?"

"ಬಿಟ್ಟರ ತಪ್ಪಾಗ್ತದ. ತಪ್ಪಾದ್ರ ನೆರಳು ಏಳಂಗಿಲ್ಲ."

"ಹಂಗಿದ್ರ ಇರ್ಲಿ," ಎಂದರು ಗಾಬರಿಯಿಂದ. "ಬೇಕಾದ್ರ ಅವರ ಅಜ್ಜ ಮುತ್ತಜ್ಜನ್ನೂ ಸೇರಸ್ರಿ."

ಉದ್ಘಾಟನೆಗೆ ಮೂರು ದಿನವಿರುವಾಗ ಫಕೀರವ್ವ ಎಲೆ ಮಡಚುತ್ತ, ತಲೆ ಎತ್ತದೆ ಮಾತು ತೆಗೆದಳು.

"ರಾಯರ, ಒಂದು ಮಾತು ಕೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ. ಅವತ್ತು ನೆಳ್ಳು ಕರಿಯೂಮುಂದ ಒಂದ ಒಂದು ತಪ್ಪು ಹೇಳ್ರಿ."

"ನಾನು? ಅಷ್ಟು ಮಂದಿ ಮುಂದ ಸುಳ್ಳು ಹೇಳಬೇಕಂತೀಯೇನು?"

"ಸುಳ್ಳು ಯಾಕ? ತಪ್ಪು. ಮಂದಿ ದಿನಾ ಮಾಡ್ತಾರ. ನಮ್ಮ ಮನಿಯವ್ರು ಸಾಯೂತನಕ ಅದನ್ನ ಮಾಡಿದ್ರು."

"ಬ್ಯಾರೆ ನೆರಳು ನೋಡಬಾರದೇನು? ಟಾಕೀಸಿನ ನೆರಳು ಎಷ್ಟು ದೊಡ್ಡದದ."

"ಅಲ್ಲಿ ಹೂವಿನವ್ರು ಅದಾರ. ದೇಸಾಯರ ನೆಳ್ಳಾಗ ಹಣ್ಣಿನವ್ರು. ಚಾವಡಿ ನೆಳ್ಳಾಗ ರಿಕ್ಷಾದವ್ರು. ಈ ಊರಾಗ ಕುಂದರಾಕ ಬಿಸಿಲೊಂದ ಖಾಲಿ ಐತ್ರಿ." ಅವಳು ಬುಟ್ಟಿಯಿಂದ ಒಂದು ಎಲೆ ತೆಗೆದು, ನೆರಳಿನ ಅಂಚು ದಾಟಿಸಿ ಬಿಸಿಲಿನಲ್ಲಿಟ್ಟಳು. "ಇದನ್ನ ನೋಡಕೋತ ಕುಂದರ್ರಿ. ನಾ ಮಾತಾಡಂಗಿಲ್ಲ."

ಎಲೆ ಮೊದಲು ಅಂಚಿನಲ್ಲಿ ಮುದುಡಿತು. ಆಮೇಲೆ ಬಣ್ಣ ಕಳೆದುಕೊಂಡಿತು. ನಾನು ವಿಷಯ ಬದಲಿಸಲು ಪ್ಲೇಗಿನ ಬಗ್ಗೆ ಏನೋ ಕೇಳಿದೆ; ಅವಳು ಬೆರಳಿನಿಂದ ಎಲೆ ತೋರಿಸಿದಳು.

"ಸುಮ್ಮನಿರವ್ವಾ," ಎಂದ ದಾವಲಸಾಬ. "ಅವರ ಕೈಲೆ ಆಗೂ ಕೆಲಸ ಹೇಳು. ಲಗ್ನಪತ್ರಿಕಿ ತಿದ್ದಿ ಹೊಳ್ಳಿ ಕಳಿಸಿದ ಮನುಷ್ಯಾ ತಪ್ಪು ಹೇಳ್ತಾನ? ಗಡಿಯಾರಕ್ಕ ತಪ್ಪು ಟೈಮ್ ತೋರ್ಸು ಅಂದ್ರ ತೋರ್ಸೀತು, ಇವರು ಹೇಳಂಗಿಲ್ಲ."

ಹೇಳುತ್ತೇನೆ ಎಂದುಬಿಟ್ಟೆ. ದಯೆಯಿಂದ ಹೇಳಿದೆ ಎಂದು ಬರೆದರೆ ಅದು ಅತಿಶಯೋಕ್ತಿ. ಅವಳು ಕೊಟ್ಟ ಎಲೆ ಮೆಲ್ಲುತ್ತ ಅವಳ ಹೆಸರನ್ನು ಚರಿತ್ರೆಗೆ ಸೇರಿಸಿ, ಅದೇ ಚರಿತ್ರೆ ಹೇಳಿ ಅವಳನ್ನು ಬಿಸಿಲಿಗೆ ಎಬ್ಬಿಸುವುದು ನನಗೆ ಒಗ್ಗಲಿಲ್ಲ, ಅಷ್ಟೇ. ದಾವಲಸಾಬನ ಮಾತು ಚುಚ್ಚಿದ್ದೂ ಒಂದು ಕಾರಣ.

ಮರುದಿನ ಬೆಳಿಗ್ಗೆಯಿಂದ ತಪ್ಪು ಹೇಳುವ ಅಭ್ಯಾಸ ಶುರುಮಾಡಿದೆ. ಹಾಲಿನವನಿಗೆ ಇವತ್ತು ಗುರುವಾರ ಅಲ್ಲವೇ ಎಂದೆ. ಅವನು ಹೌದೆಂದು ಸೈಕಲ್ ಹತ್ತಿದ. ನಾನು ಬೀದಿಯ ತಿರುವಿನವರೆಗೆ ಅವನ ಹಿಂದೆ ಓಡಿ, ಬುಧವಾರ ಎಂದು ತಿಳಿಸಿ ಬಂದೆ. ಹೆಂಡತಿ ಇಂದುಮತಿಗೆ ಸಾರು ಚೆನ್ನಾಗಿದೆ ಎಂದೆ. ಎರಡನೆಯ ತುತ್ತಿಗೆ, ಉಪ್ಪಿನ ವಿಷಯ ಬಿಟ್ಟು, ಎಂದು ಸೇರಿಸಿದೆ. "ನಿಮಗ ಆರಾಮಿಲ್ಲೇನು?" ಎಂದು ಅವಳು ಹಣೆ ಮುಟ್ಟಿ ನೋಡಿದಳು. ಕೊನೆಗೆ ಸುಲಭವಾದ ಒಂದನ್ನು ಆರಿಸಿಕೊಂಡೆ. ಅಡಿಗಲ್ಲಿನ ಇಸವಿಯನ್ನು ಹದಿಮೂರರ ಬದಲು ಹನ್ನೆರಡು ಎನ್ನುವುದು. ಒಂದೇ ವರ್ಷದ ವ್ಯತ್ಯಾಸ. ಯಾರ ಮಾನಕ್ಕೂ ಕುಂದಿಲ್ಲ, ನನ್ನದೊಂದನ್ನು ಬಿಟ್ಟು.

ಉದ್ಘಾಟನೆಯ ದಿನ ಸಂಜೆ ನಾಲ್ಕಕ್ಕೆ ಪೇಟೆಯಲ್ಲಿ ಜನ ಸೇರಿದರು. ನಮ್ಮೂರಿನಲ್ಲಿ ನೆರಳು ಕರೆಯುವುದೆಂದರೆ ಮದುವೆಯಷ್ಟೇ ಜನ, ಊಟ ಮಾತ್ರ ಇರುವುದಿಲ್ಲ. ಬಾಜಾದವರು ಬಂದಿದ್ದರು. ಮಂತ್ರಿಗಳು ಮ್ಯೂಸಿಯಂನಲ್ಲಿ ಕಾಯುತ್ತಿದ್ದರು. ಕಡೇಮನಿಯವರು ಅಲ್ಲಿಗೂ ಇಲ್ಲಿಗೂ ಫೋನು ಹಿಡಿದು ಓಡಾಡುತ್ತಿದ್ದರು. ಫಕೀರವ್ವ ಬುಟ್ಟಿಯ ಹಿಂದೆ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ನೆರಳಿನ ನಡುವೆ ನಿಂತು ಆರಂಭಿಸಿದೆ.

"ಈ ಕೊಂಡವಾಡಕ್ಕೆ ಸರ್ಕಾರ ಜಾಗ ಕೊಟ್ಟಿತು ಎನ್ನಲಾಗಿದೆ."

"ಯಾರಂದ್ರು?" ಎಂದ ದಾವಲಸಾಬ. ಜನ ನಕ್ಕರು. ಪತ್ರಿಕೆಯ ಭಾಷೆ ಬಾಯಿಂದ ಬಿಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

"ಸರ್ಕಾರ ಜಾಗ ಕೊಟ್ಟಿತು. ಹನ್ನೆರಡನೆಯ ಇಸವಿಯಲ್ಲಿ ಅಡಿಗಲ್ಲು ಹಾಕಿದರು."

ಆಯಿತು. ಹೇಳಿಯೇಬಿಟ್ಟೆ. ಫಕೀರವ್ವನ ಮುಖ ಸಡಿಲವಾದದ್ದು ಕಂಡಿತು. ಆದರೆ ಅದೇ ಉಸಿರಿನಲ್ಲಿ, ನನ್ನ ಅನುಮತಿಯಿಲ್ಲದೆ, ನನ್ನ ನಾಲಿಗೆ "ಅಲ್ಲ, ಹದಿಮೂರು" ಎಂದಿತು. ತಿದ್ದಿಕೊಂಡ ತಪ್ಪನ್ನು ನೆರಳು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ದಾವಲಸಾಬ ಹಣೆ ಚಚ್ಚಿಕೊಂಡ.

ಮುಂದೆ ಸಾಗಿದೆ. ಕಮಾನುಗಳು ನಾಲ್ಕು ಎಂದೆ. ಗುಂಪಿನಿಂದ ಮೇಸ್ತ್ರಿ, "ಮೂರ್ರಿ ಸರ!" ಎಂದು ಕೂಗಿದ. ನಾನು, "ಹೌದು, ಮೂರು. ಕ್ಷಮಿಸಿ," ಎಂದೆ. ಕ್ಷಮಿಸಿ ಎಂದೂ ಹೇಳಿದೆ! ಇನ್ನು ವರ್ಷ, ಸಂಖ್ಯೆಗಳಲ್ಲಿ ನನ್ನಿಂದ ಆಗುವುದಿಲ್ಲ ಎಂದು ಮನದಟ್ಟಾಯಿತು. ಅಲ್ಲಿ ಸರಿ ಎಂಬುದು ಗೊತ್ತಿರುತ್ತದೆ, ಗೊತ್ತಿದ್ದದ್ದು ಹೊರಗೆ ಬರುತ್ತದೆ. ತಿದ್ದಲು ಬಾರದಂಥದ್ದನ್ನು ಹೇಳಬೇಕು. ಯಾರೂ ಕೇಳಿರದ, ಎಲ್ಲೂ ಇಲ್ಲದ, ನಾನೇ ಹುಟ್ಟಿಸಿದ ಸಂಗತಿ. ಪ್ಲೇಗು ಮುಗಿಯಿತು, ಬರ ಬಂತು, ಎರಡನೆಯ ಜಮಾದಾರ ರಾಚಪ್ಪ ಕೆಲಸಕ್ಕೆ ಸೇರಿದ. ಅವನ ಬಗ್ಗೆ ಬಂದ ವರ್ಷ, ಹೋದ ವರ್ಷ ಬಿಟ್ಟರೆ ಯಾರಿಗೂ ಏನೂ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೆ.

"ಈ ರಾಚಪ್ಪ ಒಮ್ಮೆ ತನ್ನ ಸ್ವಂತ ಮನೆಯ ಎಮ್ಮೆಯನ್ನೇ ಹಿಡಿದು ತಂದು ಕೂಡಿಹಾಕಿದ. ಬಿಡಿಸಿಕೊಳ್ಳಲು ಬಂದ ಹೆಂಡತಿಗೂ ದಂಡ ಕಟ್ಟು ಎಂದ. ಅವಳು ಗಂಡನನ್ನು ಎಮ್ಮೆಯ ಜೊತೆ ಒಳಗೆ ನೂಕಿ, ಹೊರಗಿನಿಂದ ಅಗುಳಿ ಹಾಕಿಕೊಂಡು ಮನೆಗೆ ಹೋದಳು. ಆ ಇಡೀ ದಿನ ಜಮಾದಾರ ತನ್ನದೇ ಕೊಂಡವಾಡದಲ್ಲಿ ಕೂತಿದ್ದ. ಸಂಜೆ ಅವಳು ಬಂದು ಮೊದಲು ಎಮ್ಮೆ ಬಿಟ್ಟಳು. ಅವನನ್ನು ಬಿಟ್ಟದ್ದು ಹಾಲು ಕರೆದಾದ ಮೇಲೆ."

ಜನ ಹೋ ಎಂದು ನಕ್ಕರು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಹಸಿ ಸುಳ್ಳನ್ನು ಹೇಳಿ ದಕ್ಕಿಸಿಕೊಂಡಿದ್ದೆ. ಆಮೇಲಿನದೆಲ್ಲ ಸಲೀಸಾಗಿ ಬಂತು. ಚುನಾವಣೆಯ ಹೋರಿ ಬಂತು, ರಸ್ತೆ ಬಂತು, ನನ್ನ ಲೇಖನಮಾಲೆ ಬಂತು. ಇನ್ನು ಯಾವುದನ್ನು ಹೇಳಿದರೂ ಅಪಾಯವಿಲ್ಲವೆಂದು, ಕೊನೆಯದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: "ಗೋಡೆ ಹೋದ ಮೇಲೆ, ಇವತ್ತಿನವರೆಗೆ, ಈ ಕೊಂಡವಾಡದಲ್ಲಿ ಇರುವವರು ವೀಳ್ಯದೆಲೆಯ ಫಕೀರವ್ವ, ಗಡಿಯಾರದ ದಾವಲಸಾಬ. ಇಲ್ಲಿಗೆ ಮುಗಿಯಿತು."

ಬಾಜಾದವರು ಪೀಪಿ ತುಟಿಗೆ ಹಿಡಿದು ಕಾದರು. ಎಲ್ಲರೂ ನೆಲ ನೋಡಿದರು. ನಾನೊಬ್ಬನೇ ನಿಶ್ಚಿಂತೆಯಿಂದ ಕಡೇಮನಿಯವರಿಗೆ ಹೇಳಬೇಕಾದ ಸಮಾಧಾನದ ಮಾತು ಹುಡುಕುತ್ತ ನಿಂತಿದ್ದೆ.

ಮೊದಲು ಅಲುಗಿದ್ದು ಕಮಾನಿನ ಅಂಚು. ಆಮೇಲೆ, ಕಂಬಳಿಯನ್ನು ಇಬ್ಬರು ಎರಡು ಮೂಲೆ ಹಿಡಿದು ಎತ್ತಿದಂತೆ, ಇಡೀ ನೆರಳು ನೆಲದಿಂದ ಒಂದು ಸಲ ಬಿಟ್ಟುಕೊಂಡಿತು.

"ರಾಯರ! ಎದ್ದೈತಿ!" ಫಕೀರವ್ವ ಚೀರಿದಳು.

"ಅದ್ಹೆಂಗ ಎದ್ದೀತು? ನಾ ಸುಳ್ಳ ಹೇಳೀನಲ್ಲ!" ಎಂದೆ ನಾನು, ಅಷ್ಟೇ ಗಟ್ಟಿಯಾಗಿ, ಕಡೇಮನಿಯವರು ಪಕ್ಕದಲ್ಲೇ ಇರುವುದನ್ನು ಮರೆತು.

"ಸುಳ್ಳು ಹೇಳಾಕೂ ಬರಂಗಿಲ್ಲಲ್ರೀ ನಿಮಗ!" ಎಂದ ದಾವಲಸಾಬ.

ಪತ್ರಿಕೆಯಲ್ಲಿ ದುಡಿದಷ್ಟು ಕಾಲ ಮೂಲವಿಲ್ಲದ ಒಂದು ಸಾಲನ್ನೂ ನಾನು ಅಚ್ಚಿಗೆ ಬಿಟ್ಟವನಲ್ಲ. ಮೂಲವೇ ಇಲ್ಲದೆ ಹೇಳಿದ ಒಂದೇ ಒಂದು ಸಂಗತಿ ನಿಜವಾಗಿತ್ತು. ರಾಚಪ್ಪನ ಎಮ್ಮೆ, ಅವನ ಹೆಂಡತಿ, ಆ ಅಗುಳಿ, ಎಲ್ಲ ನಡೆದದ್ದೇ. ನನಗೆ ಅದು ಹೇಗೆ ತಿಳಿಯಿತೆಂದು ಕೇಳಿದರೆ ಇಂದಿಗೂ ಉತ್ತರವಿಲ್ಲ. ಆ ಹೊತ್ತಿನಲ್ಲಿ ಯಾರೂ ಕೇಳಲೂ ಇಲ್ಲ. ಬಾಜಾ ಶುರುವಾಗಿತ್ತು, ಮ್ಯೂಸಿಯಂ ಕಡೆಗೆ ನೆರಳು ಹೊರಟಿತ್ತು. ನಾನು ಹೆಜ್ಜೆ ಎತ್ತದೆ ಬೇಕೆಂದೇ ನಿಂತು ನೋಡಿದೆ. ಒಮ್ಮೆ ಎದ್ದ ನೆರಳು ಹೇಳಿದವನಿಗಾಗಿ ಕಾಯುವುದಿಲ್ಲ. ಜನ ನನ್ನನ್ನೂ ತಳ್ಳಿಕೊಂಡು ಹೊರಟರು.

ಫಕೀರವ್ವನ ಕಡೆ ನೋಡುವ ಧೈರ್ಯವಿರಲಿಲ್ಲ. ನೋಡಿದಾಗ ಅವಳು ಎದ್ದು ನಿಂತಿದ್ದಳು. ಬಿಸಿಲು ಬುಟ್ಟಿಯ ಅಂಚಿಗೆ ಬಂದಿತ್ತು. ಅವಳು ಸೆರಗು ಸಿಂಬಿ ಸುತ್ತಿ, ಬುಟ್ಟಿಯನ್ನು ತಲೆಗೇರಿಸಿ, ಎರಡು ಹೆಜ್ಜೆ ಬೇಗಬೇಗ ಹಾಕಿ ನೆರಳಿನೊಳಗೆ ಸೇರಿಕೊಂಡಳು. "ಎಲ್ಲಿಗೆ ಅವ್ವಾ?" ಎಂದ ದಾವಲಸಾಬ. "ಎಲಿ ಒಣಗತಾವಲ್ಲೋ," ಎಂದಳು, ನಿಲ್ಲದೆ. ಅವನು ಗಾಜಿನ ಪೆಟ್ಟಿಗೆಯನ್ನು ಎದೆಗವಚಿ, ಕುರ್ಚಿಯನ್ನು ಹೆಗಲಿಗೆ ಹಾಕಿಕೊಂಡು, ಕಣ್ಣಿನ ಗಾಜು ತೆಗೆಯುವುದನ್ನು ಮರೆತು ಹಿಂದೆಯೇ ಓಡಿದ.

ಹೀಗೆ ಹೊರಟೆವು. ಮುಂದೆ ಬಾಜಾ, ಹಿಂದೆ ಊರು, ನಡುವೆ ನೆಲದ ಮೇಲೆ ಮೂರು ಕಮಾನು, ಅದರೊಳಗೆ ಒಂದು ಎಲೆಬುಟ್ಟಿ, ಒಂದು ಗಡಿಯಾರದ ಅಂಗಡಿ. ನೆರಳು ಹಾದುಹೋದ ಮನೆಗಳ ಕಟ್ಟೆಯ ಮೇಲಿದ್ದವರು ಒಂದು ಕ್ಷಣ ತಂಪಾಗಿ ತಲೆ ಎತ್ತಿದರು. ಎರಡು ಬೀದಿನಾಯಿಗಳು ಒಳಗೆ ಸೇರಿಕೊಂಡು ಜೊತೆಗೆ ಬಂದವು. ಒಬ್ಬಳು ಮುದುಕಿ ಹಪ್ಪಳದ ಸೀರೆ ಮಡಚುತ್ತ ನನ್ನ ವಂಶವನ್ನು ಬೈದಳು.

ಮ್ಯೂಸಿಯಂನ ಗೇಟಿನಲ್ಲಿ ಕಾವಲುಗಾರ ನನ್ನನ್ನು ಬಿಟ್ಟ, ಬಾಜಾದವರನ್ನು ಬಿಟ್ಟ, ಫಕೀರವ್ವನ ಮುಂದೆ ಕೋಲು ಅಡ್ಡ ಹಿಡಿದ. ಕಡೇಮನಿಯವರು ಓಡಿಬಂದರು.

"ಅಮ್ಮಾ, ಇದು ಮ್ಯೂಸಿಯಂ. ಇಲ್ಲಿ ಅಂಗಡಿ ಇಡಂಗಿಲ್ಲ."

"ಅಂಗಡಿ ಇಡಾಕ ಬಂದಿಲ್ರೀ. ನಾ ಇದರಾಗ ಇರಾಕಿ. ಈಗಷ್ಟ ರಾಯರು ಊರ ಮಂದಿ ಮುಂದ ಹೇಳಿದ್ರಲ್ಲ, ಕೇಳಿಲ್ಲೇನು? ನೆಳ್ಳೂ ಹೂಂ ಅಂದೈತಿ."

"ಅದು ಚರಿತ್ರೆ ಅಮ್ಮಾ. ಚರಿತ್ರೆದಾಗ ಇದ್ದವರೆಲ್ಲ ಒಳಗ ಬಂದ್ರ ಹ್ಯಾಂಗ?"

"ಉಳಿದವ್ರು ಬರಂಗಿಲ್ರೀ ಮೇಡಂ, ಸತ್ತಾರ," ಎಂದ ದಾವಲಸಾಬ. "ಜೀವಂತ ಇರೋರು ನಾವಿಬ್ಬರ."

ಆಗ ಬಾಜಾ ನಿಂತಿತು. ಮುಂದೆ ಹೋದವರು ತಿರುಗಿ ನೋಡುತ್ತಿದ್ದರು. ನೆರಳು ಒಳಗೆ ಬಂದಿರಲಿಲ್ಲ. ಗೇಟಿನ ಹೊರಗೆ, ಫಕೀರವ್ವ ನಿಂತಲ್ಲಿಯೇ, ಅವಳ ಕಾಲ ಸುತ್ತ ನಿಂತಿತ್ತು. ಅಂಗಳದ ನಡುವೆ ಕೊಂಡವಾಡ ಬೋಳಾಗಿ ಹೊಳೆಯುತ್ತಿತ್ತು. ಅದರ ಮುಂದೆ ಕುರ್ಚಿಯಲ್ಲಿ ಕೂತ ಮಂತ್ರಿಗಳು ಕೈವಸ್ತ್ರವನ್ನು ತಲೆಯ ಮೇಲೆ ಹಾಕಿಕೊಂಡಿದ್ದರು.

ಕಡೇಮನಿಯವರು ನೆರಳು ನೋಡಿದರು, ಮಂತ್ರಿಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಸರ್, ನೀವ ಹೇಳ್ರಿ. ಆಗ ಏನೋ ಸುಳ್ಳು ಹೇಳೀನಿ ಅಂತ ಬ್ಯಾರೆ ಕೂಗಿದ್ರಿ. ಇವರು ಇದರಾಗ ಇರೋರು ಹೌದೋ ಅಲ್ಲೋ?"

ಫಕೀರವ್ವ ಬುಟ್ಟಿಯ ಕೆಳಗಿನಿಂದ ನನ್ನನ್ನು ನೋಡಿದಳು. ಅವಳನ್ನು ಉಳಿಸಲು ಹೇಳಿದ ಸುಳ್ಳು ಕೈಕೊಟ್ಟಿತ್ತು. ನನಗೆ ಬರುವ ಕೆಲಸ ಇನ್ನೊಂದೇ.

"ಹೌದು," ಎಂದೆ. "ನಾನ ವಿಚಾರಿಸೀನಿ. ಎದುರಿಗೆ ಕೂತು ನೋಡೀನಿ. ಅದರಾಗ ತಪ್ಪಿಲ್ಲ."

ಕಡೇಮನಿಯವರು ಕಾವಲುಗಾರನಿಗೆ ಕಣ್ಸನ್ನೆ ಮಾಡಿದರು. ಕೋಲು ಮೇಲಕ್ಕೆ ಹೋಯಿತು. ಫಕೀರವ್ವ ಒಳಗೆ ಕಾಲಿಟ್ಟಳು, ನೆರಳೂ ಇಟ್ಟಿತು. ಅಂಗಳ ದಾಟಿ, ಕಟ್ಟಡದ ಬುಡಕ್ಕೆ ಹೋಗಿ, ತನ್ನ ಗೋಡೆಗಳನ್ನು ಒಂದೊಂದಾಗಿ ಹುಡುಕಿಕೊಂಡು ಕೂಡಿತು. ನಡುವಿನ ಕಮಾನಿನ ಬಳಿ ಸ್ವಲ್ಪ ಹೊತ್ತು ಅನುಮಾನಿಸಿ, ಆಮೇಲೆ ಅದೂ ಎಡಕ್ಕೆ ವಾಲಿತು. ಫಕೀರವ್ವ ಬುಟ್ಟಿ ಇಳಿಸಿ, ಗೋಣಿಗೆ ನೀರು ಚಿಮುಕಿಸಿ, ಗೋಡೆಗೆ ಒರಗಿ ಕೂತಳು. ಮಂತ್ರಿಗಳು ರಿಬ್ಬನ್ ಕತ್ತರಿಸಿದ ಮೇಲೆ ಎಲೆ ಕೇಳಿದರು. ಸುಣ್ಣ ಕಡಿಮೆ ಎಂದರು.

ದಾವಲಸಾಬ ಎಂಟು ದಿನ ಇದ್ದು ಪೇಟೆಗೆ ವಾಪಸಾದ. ಮ್ಯೂಸಿಯಂ ನೋಡಲು ಬರುವವರು ಕೆಟ್ಟ ಗಡಿಯಾರ ತರುವುದಿಲ್ಲ. ಈಗ ಟಾಕೀಸಿನ ನೆರಳಿನಲ್ಲಿ ಹೂವಿನವರ ಜೊತೆ ದಿನಾ ಜಗಳವಾಡುತ್ತಾನೆ. ರಾಚಪ್ಪನ ಎಮ್ಮೆಯ ಪ್ರಸಂಗವನ್ನು ಫಲಕದ ಮೇಲೆ ಬರೆಸಲು ನಾನು ಒಪ್ಪಲಿಲ್ಲ. ಮೂಲ ಎಲ್ಲಿದೆ ಎಂದು ಕೇಳಿದೆ. ಕಡೇಮನಿಯವರು ನನ್ನನ್ನು ಕೇಳದೆ ಬರೆಸಿದರು. ಸೋಮವಾರ ಮ್ಯೂಸಿಯಂಗೆ ರಜೆ. ಅಂದು ಫಕೀರವ್ವ ಎಲೆ ಮಾರುವುದಿಲ್ಲ.